ಕೊಟ್ಟ ಮಗಳ ದನಿ

ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ನಮ್ಮ ಶಿಬಿರದ ಗೇಟಿನ ಮೇಲೆ ಬರೆಸಬೇಕಿತ್ತು. ಅಲ್ಲಿ ಬರೆಸಿರುವುದು ‘ಮನಸ್ಸು ನೆಮ್ಮದಿಯಾದರೆ ಮನೆ ನಿಮ್ಮದೇ’ ಎಂದು. ಎರಡರ ಅರ್ಥವೂ ಒಂದೇ. ಮನಸ್ಸು ಸರಿಯಾದ ಕುಟುಂಬಕ್ಕೆ ಮಾತ್ರ ಹೊರಗೆ ಊರಿನಲ್ಲಿ ಕಾಯಂ ಮನೆ ಸಿಗುತ್ತದೆ. ಆದರೆ ಈ ತಗಡಿನ ಸಾಲುಮನೆಗಳಿಂದ ಹೊರಗೆ ಹೋಗದೆ ಯಾರ ಮನಸ್ಸು ತಾನೇ ಸರಿಯಾದೀತು?

ನಾವು ಪಡುಹಿತ್ತಿಲಿನವರು, ಕಡಲಿನ ಮೀನುಗಾರರು. ಕಡಲು ಮೊದಲು ನಮ್ಮ ರಸ್ತೆಯನ್ನು ತಿಂದಿತು, ಆಮೇಲೆ ಶಾಲೆಯನ್ನು, ಕೊನೆಗೆ ಉಳಿದ ಊರನ್ನು. ಸರಕಾರ ನಮ್ಮನ್ನು ಲಾರಿ ಹತ್ತಿಸಿ ಗಜೇಂದ್ರಗಡದ ಆಚೆಯ ಬಯಲಿಗೆ ತಂದು ಇಳಿಸಿತು. ಸ್ವಂತ ರಾಜ್ಯದೊಳಗೇ ನಿರಾಶ್ರಿತರಾಗುವ ಭಾಗ್ಯ ಎಲ್ಲರಿಗೂ ಸಿಗುವುದಲ್ಲ. ಸುತ್ತ ಗಾಳಿಯಂತ್ರಗಳು, ಜೋಳದ ಹೊಲ, ಮೀನಿನ ವಾಸನೆ ಬಂದರೆ ಮೂಗು ಮುಚ್ಚುವ ಜನ. ನಮ್ಮನ್ನು ಯಾರೂ ಹಗ್ಗ ಹಾಕಿ ಕಟ್ಟಿರಲಿಲ್ಲ. ಆದರೆ ಶಿಬಿರ ನಡೆಸುವ ಪುನರ್ವಸತಿ ಮಂಡಳಿಯ ಒಪ್ಪಿಗೆಯಿಲ್ಲದೆ ಗೇಟು ದಾಟಿದವರಿಗೆ ಮನೆಯಿಲ್ಲ, ಕೆಲಸವಿಲ್ಲ, ಆಸ್ಪತ್ರೆಯಲ್ಲಿ ಹಾಸಿಗೆಯೂ ಇಲ್ಲ. ಹಗ್ಗ ಬೇರೆ ಯಾಕೆ ಬೇಕು?

ಈ ನಿಯಮ ಹುಟ್ಟಿದ್ದು ಕೆಟ್ಟ ಮನಸ್ಸಿನಿಂದಲ್ಲ, ಅದೇ ನನ್ನ ಸಂಕಟ. ಡಾಕ್ಟರ್ ಗುರುಸಿದ್ಧ ಹಂಪಿಹೊಳಿ ಎಂಬ ಮನಶ್ಶಾಸ್ತ್ರಜ್ಞರು ನಮಗಿಂತ ಮೊದಲು ಕಡಲು ಬಿಟ್ಟು ಬಂದ ಕುಟುಂಬಗಳ ಹಿಂದೆ ವರ್ಷಗಟ್ಟಲೆ ಅಲೆದಿದ್ದರು. ಹೊಸ ಮನೆಯ ಬೀಗದ ಕೈ ಕೊಟ್ಟು ಕಳಿಸಿದ ಎಷ್ಟೋ ಸಂಸಾರಗಳು ಆ ಮನೆಯೊಳಗೇ ಒಡೆದುಹೋದದ್ದನ್ನು, ಕೆಲವರು ಜೀವವನ್ನೇ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದರು. ಮೊದಲು ಮನಸ್ಸಿಗೆ ಆರೈಕೆ ಕೊಡಿ, ಆಮೇಲೆ ಮನೆ ಕೊಡಿ ಎಂದು ಬೇಡಿಕೊಂಡರು. ಒಳ್ಳೆಯ ಮನುಷ್ಯನ ಒಳ್ಳೆಯ ಮಾತು ಮಂಡಳಿಯ ಕಚೇರಿಯೊಳಗೆ ಹೋಗಿ ಬೀಗವಾಗಿ ಹೊರಗೆ ಬಂತು.

ಆ ಬೀಗದ ಹೆಸರು ಕಿವಿ. ಮಾಡಿಗೆ, ಅಂದರೆ ಸೂರಿನ ಒಳಮೈಗೆ ಅಂಟಿಸಿದ, ತೆಂಗಿನಕಾಯಿಯ ಹೋಳಿನಷ್ಟು ದೊಡ್ಡ ಬಿಳಿ ಡಬ್ಬಿ. ಅದಕ್ಕೆ ಮಾತಿನ ಅರ್ಥ ತಿಳಿಯದು, ತಿಳಿಯಬಾರದು ಎಂದು ಕಾನೂನೇ ಇತ್ತು. ದನಿಯ ಏರಿಳಿತದಿಂದ ಪ್ರಶ್ನೆಯನ್ನು ಗುರುತಿಸಿ, ಅದು ಕೇಳುತ್ತಿದ್ದದ್ದು ಮಾತುಗಳ ನಡುವಿನ ಖಾಲಿಯನ್ನು. ದುಃಖ ತುಂಬಿದ ಮನೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆಗೆ ಇನ್ನೊಬ್ಬರು ಉತ್ತರಿಸುವುದು ತಡವಾಗುತ್ತದೆ, ಕೆಲವು ಪ್ರಶ್ನೆಗಳು ನೆಲಕ್ಕೆ ಬಿದ್ದು ಅಲ್ಲೇ ಇರುತ್ತವೆ. ಇದು ಹಂಪಿಹೊಳಿಯವರ ಸಂಶೋಧನೆ, ಮತ್ತು ಅದು ನಿಜವೂ ಹೌದು. ಉತ್ತರವಿಲ್ಲದ ಪ್ರಶ್ನೆಗಳು ಹೆಚ್ಚಿದ್ದರೆ ಮನೆ ಕೆಂಪು, ಕಡಿಮೆಯಾದರೆ ಹಳದಿ, ಮತ್ತೂ ಕಡಿಮೆಯಾದರೆ ಹಸಿರು. ಮೂರು ತಿಂಗಳು ಬಿಡದೆ ಹಸಿರಾದ ಮನೆಗೆ ಗೇಟು ತೆರೆಯುತ್ತದೆ.

ನಾನು ಯಶವಂತಿ. ತುಳು, ಕನ್ನಡ ಎರಡೂ ಬರುತ್ತದೆಂದು ನನ್ನನ್ನು ಕಿವಿಗಳ ನಿಗಾಕೋಣೆಯಲ್ಲಿ ಸಹಾಯಕಿಯಾಗಿ ಇಟ್ಟುಕೊಂಡಿದ್ದರು. ಗೋಡೆಯಗಲದ ಪರದೆಯ ಮೇಲೆ ಶಿಬಿರದ ಪ್ರತಿ ಮನೆಯೂ ಒಂದೊಂದು ಚೌಕ. ಬೇರೆಯವರ ಚೌಕ ಹಸಿರಾದಾಗ ಓಡಿಹೋಗಿ ಸಿಹಿಸುದ್ದಿ ಹೇಳುವುದು ನನ್ನ ಕೆಲಸ. ನನ್ನ ಮನೆಯ ಚೌಕ ಮಾತ್ರ ಸದಾ ಕೆಂಪು. ಅದರ ಎದುರಿಗೇ ನನ್ನ ಕುರ್ಚಿ ಹಾಕಿದ್ದರು.

ಕೆಂಪಿಗೆ ಕಾರಣ ನನ್ನ ಅತ್ತೆ ಹರ್ಷಿತಾ. ಈಗಿನ ಅಜ್ಜಿಯರಿಗೆಲ್ಲ ಇಂಥ ಚೆಂದದ ಹೆಸರುಗಳೇ. ಅತ್ತೆಗೆ ಇಬ್ಬರು ಮಕ್ಕಳು. ದೊಡ್ಡವನು ನನ್ನ ಗಂಡ ಚರಣ್. ಚಿಕ್ಕವಳು ಧನ್ಯಾ. ಎಳೆಯ ಹುಡುಗಿ ಧನ್ಯಾಳನ್ನು ಕಡಲು ಶಾಲೆಯ ಗೋಡೆಯ ಜೊತೆಗೆ ಕೊಂಡುಹೋಗಿತ್ತು. ನಮ್ಮಲ್ಲಿ ಸತ್ತ ಮಕ್ಕಳು ಸತ್ತ ವಯಸ್ಸಿನಲ್ಲೇ ನಿಂತುಬಿಡುವುದಿಲ್ಲ, ನಮ್ಮ ಜೊತೆ ಬೆಳೆಯುತ್ತಾರೆ. ಅತ್ತೆ ವರ್ಷ ವರ್ಷವೂ ಧನ್ಯಾಳಿಗೆ ದೊಡ್ಡ ಅಳತೆಯ ಬಟ್ಟೆ ತೆಗೆದಿಡುತ್ತಿದ್ದರು, ದಿನಾ ಮಧ್ಯಾಹ್ನ ಅವಳಿಗೊಂದು ಬಟ್ಟಲು ಬಡಿಸುತ್ತಿದ್ದರು. ಬಡಿಸಿ ಕೇಳುತ್ತಿದ್ದರು. ಮನೆಯಲ್ಲಿ ನಾವಾಡುವುದು ತುಳು, ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತೇನೆ.

“ಸಾಕಾ ಮಗಾ? ಇನ್ನು ಸ್ವಲ್ಪ ಹಾಕುದಾ?”

ಕೇಳಿ ಸ್ವಲ್ಪ ಹೊತ್ತು ಕಾಯುತ್ತಿದ್ದರು. ಆ ಕಾಯುವಿಕೆಯನ್ನು ಕಿವಿ ಲೆಕ್ಕ ಹಾಕುತ್ತಿತ್ತು.

ಇಷ್ಟು ವರ್ಷ ನಾವು ಅದನ್ನು ಸಹಿಸಿಕೊಂಡೆವು. ಆದರೆ ನಾನು ಬಸುರಿಯಾದೆ. ಶಿಬಿರದಲ್ಲಿ ಮಗು ಹುಟ್ಟಿದರೆ ಆ ಮನೆಯ ಎಣಿಕೆ ಮೊದಲಿನಿಂದ ಶುರು. ಅಷ್ಟೇ ಅಲ್ಲ, ಮಗು ಮಾತು ಕಲಿಯುವ ತನಕ ಮನೆಯ ಅಳತೆ ಪೂರ್ತಿಯಾಗುವುದಿಲ್ಲ ಎಂದು ಮಂಡಳಿಯ ನಿಯಮ. ಅಂದರೆ ಹೆರಿಗೆಗೆ ಮೊದಲು ಹೊರಬೀಳದಿದ್ದರೆ ನನ್ನ ಮಗು ಆಕಾಶಕ್ಕಿಂತ ಹೆಚ್ಚು ಈ ತಗಡನ್ನೇ ನೋಡಿ ಬೆಳೆಯಬೇಕು.

ಚರಣ್ ತಾಯಿಯನ್ನು ಕೂರಿಸಿ ವಿಷಯ ಹೇಳಿದ. ಧನ್ಯಾಳನ್ನು ಗಟ್ಟಿಯಾಗಿ ಮಾತಾಡಿಸಬೇಡ, ಮೂರೇ ತಿಂಗಳು ಎಂದ. ಅತ್ತೆ ಜಗಳವಾಡಲಿಲ್ಲ, ಆಯಿತು ಎಂದರು. ಅಂದಿನಿಂದ ಧನ್ಯಾಳನ್ನು ಮಾತ್ರವಲ್ಲ, ಯಾರನ್ನೂ ಏನನ್ನೂ ಕೇಳುವುದನ್ನೇ ಬಿಟ್ಟರು. ಪ್ರಶ್ನೆಯೇ ಇಲ್ಲದ ಮೇಲೆ ಉತ್ತರ ಬಾರದ ಪ್ರಶ್ನೆ ಎಲ್ಲಿಂದ ಬರಬೇಕು? ಪರದೆಯಲ್ಲಿ ನಮ್ಮ ಚೌಕ ಹಳದಿಯಾಯಿತು. ಮನೆಯಲ್ಲಿ ಅತ್ತೆಯ ಕೆನ್ನೆ ಒಳಗೆ ಹೋಯಿತು. ಎರಡು ಬಟ್ಟಲು ಬಡಿಸಬೇಕಾದ ಕೈ ಒಂದನ್ನೂ ಸರಿಯಾಗಿ ಬಡಿಸಿಕೊಳ್ಳುತ್ತಿರಲಿಲ್ಲ. ಯಂತ್ರದ ಪ್ರಕಾರ ಅವರು ಗುಣವಾಗುತ್ತಿದ್ದರು.

ಒಂದು ಮಧ್ಯಾಹ್ನ ನನಗೆ ನೋಡಲಾಗಲಿಲ್ಲ. ಧನ್ಯಾಳ ಬಟ್ಟಲನ್ನು ನಾನೇ ತಂದು ಇಟ್ಟೆ. ಕೇಳಿ ಅತ್ತೆ, ನಿಮ್ಮ ಮಗಳನ್ನು ಕೇಳಿ ಎಂದೆ. ಅತ್ತೆ ಒಮ್ಮೆ ಮಾಡನ್ನು, ಒಮ್ಮೆ ನನ್ನ ಹೊಟ್ಟೆಯನ್ನು ನೋಡಿದರು. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟರು, ಸಾಕಾ ಮಗಾ ಎಂದು. ಆ ಖಾಲಿ ಬೆಳೆಯುವ ಮೊದಲೇ ನಾನು ಬಾಯಿ ಹಾಕಿದೆ.

“ಸಾಕಮ್ಮ, ಹೊಟ್ಟೆ ತುಂಬಿತು. ನೀವು ಊಟ ಮಾಡಿ.”

ಇದೇನು ನಾನು ಕಂಡುಹಿಡಿದ ಉಪಾಯವಲ್ಲ. ನಮ್ಮಲ್ಲಿ ಸತ್ತವರಿಗೆ ಬಡಿಸುವಾಗ ಮನೆಯವರಲ್ಲಿ ಯಾರಾದರೂ ಅವರ ಪರವಾಗಿ ಮಾತಾಡುವುದುಂಟು. ಅತ್ತೆಯ ಕಣ್ಣಲ್ಲಿ ನೀರು ಬಂತು. ಬಟ್ಟಲು ತುಂಬ ಅನ್ನ ಹಾಕಿಕೊಂಡು ಉಂಡರು. ಅಂದಿನಿಂದ ದಿನಾ ನಾನು ಧನ್ಯಾಳಾಗಿ ಉತ್ತರಿಸುತ್ತಾ ಬಂದೆ. ಯಾರು ಕೇಳಿದರು, ಯಾರು ಉತ್ತರಿಸಿದರು ಎಂದು ಕಿವಿಗೆ ಗೊತ್ತಾಗುತ್ತಿರಲಿಲ್ಲ. ನಮ್ಮ ಮನೆ ಮೊದಲ ಬಾರಿಗೆ ಹಸಿರಾಯಿತು.

ಹಂಪಿಹೊಳಿ ಡಾಕ್ಟರು ನನ್ನ ಕುರ್ಚಿಯ ಪಕ್ಕ ಬಂದು ನಿಂತರು. “ಯಶವಂತಿ, ನಿಮ್ಮ ಮನಿ ಬಣ್ಣ ಒಮ್ಮಿಗೇ ಹಿಂಗ ಬದಲಾದದ್ದು ನಾ ಎಲ್ಲೂ ನೋಡಿಲ್ಲ. ಏನ್ ಮಾಡಿದ್ರಿ ಹೇಳ್ರಿ.”

ಹೇಳಿದೆ. ಬರೇ ಉತ್ತರಿಸುವುದಲ್ಲ ಸಾರ್, ಅದು ಅರ್ಧ ಮಾತ್ರ ಎಂದೂ ಹೇಳಿದೆ. ಸತ್ತ ಮಕ್ಕಳು ಪ್ರಾಯಕ್ಕೆ ಬಂದ ಮೇಲೆ ಅವರಿಗೆ ಸತ್ತ ಗಂಡನ್ನೋ ಹೆಣ್ಣನ್ನೋ ಹುಡುಕಿ ಮದುವೆ ಮಾಡುತ್ತೇವೆ, ಮದುವೆಯಾದ ಮಗಳು ಗಂಡನ ಮನೆ ಸೇರುತ್ತಾಳೆ, ತಾಯಿಯ ಮನಸ್ಸು ಹಗುರಾಗುವುದು ಆಗಲೇ ಎಂದೆ. ಮೊದಲರ್ಧಕ್ಕೆ ಡಾಕ್ಟರ ಕಣ್ಣು ಅರಳಿತ್ತು. ಎರಡನೆಯದಕ್ಕೆ ಮೆಲ್ಲನೆ ನಕ್ಕು, ಅದು ನಿಮ್ಮ ಸಂಪ್ರದಾಯ ಬಿಡ್ರಿ ಎಂದರು. ಪಾಪ, ಡಬ್ಬಿಯೊಳಗೆ ಹಿಡಿಸದ್ದನ್ನು ಅವರಾದರೂ ಏನು ಮಾಡಿಯಾರು.

ಹೀಗೆ ಕಿವಿಗೆ ಬಾಯಿ ಬಂತು, ಸತ್ತವರ ದನಿಯಲ್ಲಿ ಉತ್ತರಿಸುವ ಬಾಯಿ. ನಮ್ಮ ಸಾಲಿನ ಮನೆಗಳಲ್ಲಿ ಮೊದಲ ಪ್ರಯೋಗ. ಅರ್ಥ ತಿಳಿಯಬಾರದೆಂಬ ಕಾನೂನನ್ನು ಮಂಡಳಿ ಒಂದು ಮಧ್ಯಾಹ್ನದಲ್ಲಿ ಬದಲಿಸಿತು. ಚರಣನ ಹಳೆಯ ಮೊಬೈಲಿನಲ್ಲಿ ಧನ್ಯಾ ಪದ್ಯ ಹೇಳಿದ ಒಂದು ವಿಡಿಯೋ ಇತ್ತು. ಆ ಎಳೆಯ ಗಂಟಲನ್ನು ಲೆಕ್ಕದ ಮೇಲೆ ಬೆಳೆಸಿ, ಈಗ ಇದ್ದಿದ್ದರೆ ಹೇಗಿರುತ್ತಿತ್ತೋ ಹಾಗೆ ಮಾಡಿದರು. ಹೊಸ ಡಬ್ಬಿ ಯಾರ ದನಿ ಯಾವುದೆಂದು ಗುರುತಿಸುತ್ತಿತ್ತು. ಉತ್ತರಿಸುವುದಷ್ಟೇ ಅಲ್ಲ, ತಾನೇ ಮುಂದಾಗಿ ಕೇಳುತ್ತಿತ್ತು, ಯಾರು ಹೆಚ್ಚು ಉತ್ತರಿಸುತ್ತಾರೋ ಅವರನ್ನೇ ಹೆಚ್ಚು ಮಾತಾಡಿಸುತ್ತಿತ್ತು. ಅದು ಒಬ್ಬರನ್ನು ಕೇಳಿದರೆ ಇನ್ನೊಬ್ಬರು ಉತ್ತರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ.

“ಅಮ್ಮ, ಊಟ ಆಯ್ತಾ?” ಎಂದಿತು ಮಾಡು, ಮೊದಲ ದಿನ.

ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟರು. ಆಮೇಲೆ ಆ ದಿನವಿಡೀ ಮಾತಾಡಿದರು. ಎರಡನೆಯ ತಿಂಗಳೂ ನಮ್ಮ ಮನೆ ಹಸಿರಾಯಿತು. ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಗಬೇಡಿ. ನಾನು ಸುಳ್ಳು ಧನ್ಯಾಳಾಗಿದ್ದಾಗ ನನಗೂ ಅತ್ತೆಗೂ ಅದು ಸುಳ್ಳೆಂದು ಗೊತ್ತಿತ್ತು, ಆ ಗುಟ್ಟು ನಮ್ಮಿಬ್ಬರನ್ನು ಹತ್ತಿರ ತಂದಿತ್ತು. ಈ ದನಿಗೆ ಯಾವ ಗುಟ್ಟೂ ಇರಲಿಲ್ಲ, ಆಯಾಸವೂ ಇರಲಿಲ್ಲ. ಅತ್ತೆ ಸ್ನಾನಕ್ಕೆ ಹೋಗಿ ಬರುವುದರೊಳಗೆ ಅಮ್ಮ ಎಲ್ಲಿ ಎಂದು ಕೇಳುತ್ತಿತ್ತು.

ಆದರೆ ನನ್ನ ಅತ್ತೆ ಡಬ್ಬಿಗಿಂತ ಗಟ್ಟಿ. ಒಂದು ದಿನ ಅವರು ಚರಣನನ್ನು ಕರೆದು, ಇಷ್ಟು ಚೆಂದ ಮಾತಾಡುವ ಹುಡುಗಿಯನ್ನು ಎಷ್ಟು ಕಾಲ ಮನೆಯಲ್ಲಿ ಕೂರಿಸಿಕೊಳ್ಳುದು, ಗಂಡು ನೋಡು ಎಂದರು. ಹಿಂದಿನ ಸಾಲಿನ ಶ್ರಾವ್ಯಕ್ಕನ ಮಗ ನಿಹಾಲ್ ಕೂಡ ಅದೇ ಶಾಲೆಯ ಗೋಡೆಯ ಜೊತೆ ಹೋದವನು. ಬರಿ, ಅಂದರೆ ತಾಯಿಯಿಂದ ಬರುವ ಬಳ್ಳಿ, ಎರಡು ಮನೆಗೂ ಬೇರೆ ಬೇರೆ. ಆದ್ದರಿಂದ ಸಂಬಂಧ ಕೂಡಿಬರುತ್ತದೆ. ಆಟಿ ತಿಂಗಳಲ್ಲಿ ಮದುವೆ ಎಂದು ಮಾತಾಯಿತು. ಬದುಕಿದವರಿಗೆ ಆ ತಿಂಗಳು ಶುಭವಲ್ಲ, ಸತ್ತವರ ಮದುವೆಗೆ ಅದೇ ಕಾಲ. ಮೂರನೆಯ ತಿಂಗಳ ಅಳತೆಯೂ ಆಟಿಯ ಕೊನೆಗೇ ಇತ್ತು. ನನ್ನ ಹೊಟ್ಟೆ ಆಗಲೇ ಎದ್ದು ಕಾಣುತ್ತಿತ್ತು, ಸಮಯ ಸರಿಯಾಗಿತ್ತು.

ಶಿಬಿರದ ಸಭಾಭವನದಲ್ಲಿ ಎರಡು ಕುರ್ಚಿ ಇಟ್ಟೆವು. ಒಂದರ ಮೇಲೆ ಧಾರೆಸೀರೆ, ಬಳೆ, ಕರಿಮಣಿ. ಇನ್ನೊಂದರ ಮೇಲೆ ಪಂಚೆ, ಅಂಗಿ, ಪೇಟ. ಮದುವೆಯಾಗದವರು ಈ ಮದುವೆ ನೋಡಬಾರದು. ನಮ್ಮ ಡಾಕ್ಟರು ತಲೆ ನೆರೆತ ಬ್ರಹ್ಮಚಾರಿ. ವಿಷಯ ಹೇಳಿದಾಗ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತರು. ಅಷ್ಟು ವರ್ಷ ಹುಡುಕಿದ್ದು ಬಾಗಿಲಿನ ಆಚೆ ನಡೆಯುತ್ತಿತ್ತು, ಅವರು ಈಚೆ ಕೂತು ಪಾಯಸ ಉಂಡರು. ಒಳಗೆ ಗಂಡಿನ ಕಡೆಯವರು ಹೆಣ್ಣಿಗೆ ಸೀರೆ ಉಡಿಸಲಿಕ್ಕೆ ಇಷ್ಟು ಹೊತ್ತಾ ಎಂದು ಗೇಲಿ ಮಾಡಿದರು. ನಿಮ್ಮ ಹುಡುಗನಿಗೆ ಅಷ್ಟು ಅರ್ಜೆಂಟಾ ಎಂದು ಹೆಣ್ಣಿನ ಪರವಾಗಿ ನಾವು ಮರುಗೇಲಿ ಮಾಡಿದೆವು. ಎರಡು ಸೆರಗು ಕಟ್ಟಿದರು. ದಿಬ್ಬಣ ಧನ್ಯಾಳನ್ನು ಕರೆದುಕೊಂಡು ಶ್ರಾವ್ಯಕ್ಕನ ಮನೆಗೆ ಹೊರಟಿತು. ಮದುಮಗಳ ತಾಯಿ ಅಳಬೇಕಾದ ಹಾಗೆ ಅತ್ತೆ ಬಾಯಿಬಿಟ್ಟು ಅತ್ತರು. ಆಮೇಲೆ ಮನೆಗೆ ಬಂದು ಕಾಲು ನೀಡಿ ಮಲಗಿದರು. ಕಡಲು ಬಿಟ್ಟ ಮೇಲೆ ಅವರು ಅಷ್ಟು ನಿರಾಳವಾಗಿ ಮಲಗಿದ್ದನ್ನು ನಾನು ಕಂಡಿರಲಿಲ್ಲ. ನನಗೂ ಎದೆಯ ಭಾರ ಇಳಿಯಿತು.

ಮರುದಿನ ಮಾಡು ಎಂದಿನ ಹಾಗೆ ಕೇಳಿತು. “ಅಮ್ಮ, ತಿಂಡಿ ಆಯ್ತಾ?”

ಅತ್ತೆ ಉತ್ತರಿಸಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ತನ್ನಷ್ಟಕ್ಕೆ ಗೊಣಗಿ, ಹಾಡು ಗುನುಗುತ್ತಾ ಅಕ್ಕಿ ತೊಳೆದರು. ಡಬ್ಬಿ ಮತ್ತೆ ಕೇಳಿತು. ಕೇಳುತ್ತಲೇ ಇತ್ತು. ನಾನು ನಿಗಾಕೋಣೆಗೆ ಹೋಗುವಷ್ಟರಲ್ಲಿ ನಮ್ಮ ಚೌಕ ಹಳದಿಗೆ ತಿರುಗಿತ್ತು, ವಾರ ಕಳೆಯುವಷ್ಟರಲ್ಲಿ ಕೆಂಪು. ಮೊದಲು ಪ್ರಶ್ನೆ ಕೇಳಿ ಉತ್ತರವಿಲ್ಲದೆ ಉಳಿಯುತ್ತಿದ್ದವರು ಅತ್ತೆ. ಈಗ ಹಾಗೆ ಉಳಿದದ್ದು ಯಂತ್ರ. ಯಂತ್ರದ ಒಂಟಿತನವನ್ನು ಯಂತ್ರ ನಮ್ಮ ಕಾಯಿಲೆಯೆಂದು ಬರೆದುಕೊಂಡಿತು.

ನಾನು ಡಾಕ್ಟರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ದಡ್ಡರಲ್ಲ, ಈ ಸಲ ನಗಲಿಲ್ಲ.

“ನಿಮ್ಮ ಅತ್ತಿ ಆರಾಮ ಆಗ್ಯಾರ, ನನಗ ತಿಳೀತದ,” ಎಂದರು. “ಆದ್ರ ನನಗ ತಿಳಿದ್ರ ಏನ್ ಬಂತವ್ವ, ಅದಕ್ಕ ತಿಳೀಬೇಕಲ್ಲ.”

ಅವರು ನಮ್ಮ ಮನೆಯ ಬಾಯಿಯನ್ನು ತೆಗೆಸಿ ಎಂದು ಮಂಡಳಿಗೆ ಬರೆದರು. ಕೆಂಪಾದ ಮನೆಯಿಂದ ಚಿಕಿತ್ಸೆ ಹಿಂತೆಗೆಯಲಾಗದು ಎಂದು ಮಂಡಳಿ ಹೇಳಿತು. ಹಸಿರಾದರೆ ತೆಗೆಯುತ್ತೀರಾ ಎಂದು ಕೇಳಿದರೆ, ಹಸಿರಾದ ಮೇಲೆ ತೆಗೆಯುವ ಅಗತ್ಯವೇನು ಎಂಬ ಉತ್ತರ ಬಂತು. ದನಿಯನ್ನು ಶ್ರಾವ್ಯಕ್ಕನ ಮನೆಗಾದರೂ ಕಳಿಸಿ, ಮದುವೆಯಾಗಿದೆ ಎಂದೆ ನಾನು. ಅದನ್ನು ಮಂಡಳಿಗೆ ಬರೆಯುವ ಧೈರ್ಯ ಡಾಕ್ಟರಿಗೂ ಇರಲಿಲ್ಲ. ಡಬ್ಬಿಗೆ ಬಟ್ಟೆ ಸುತ್ತಿದರೂ ಮನೆ ಕೆಂಪಾಗುತ್ತದೆ, ಅದನ್ನು ಬೇರೆಯವರು ಆಗಲೇ ಮಾಡಿ ನೋಡಿದ್ದರು.

ಉಳಿದದ್ದು ಅತ್ತೆ ಒಬ್ಬರೇ. ಚರಣ್ ಅವರ ಕಾಲ ಬುಡದಲ್ಲಿ ಕೂತು ಬೇಡಿಕೊಂಡ. ದಿನಕ್ಕೆ ನಾಲ್ಕು ಮಾತು ಸಾಕು, ಆಯಿತು ಮಗಾ ಎಂದರೆ ಸಾಕು, ಹುಟ್ಟುವ ಮಗುವಿನ ಮುಖ ನೋಡಿಯಾದರೂ ಎಂದ. ಅತ್ತೆಗೆ ಸಿಟ್ಟು ಬರಲಿಲ್ಲ.

“ಗಂಡನ ಮನೆಗೆ ಹೊರಟವಳನ್ನು ಅಂಗಳದಿಂದ ಹಿಂದೆ ಕರೆದರೆ ಅವಳು ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ,” ಎಂದರು. “ಸತ್ತವಳನ್ನು ಇನ್ನೊಮ್ಮೆ ನಾನೇ ಕೊಲ್ಲುದಾ? ಅದೊಂದು ಕೇಳಬೇಡ ಚರಣ್.”

ಅವರ ಮಾತು ಸರಿಯಿತ್ತು. ಸರಿಯಿತ್ತೆಂದೇ ನನಗೆ ಅವರ ಮೇಲೆ ಕೋಪ ಬಂತು. ಶಿಬಿರದಲ್ಲಿ ಒಬ್ಬರೇ ಒಬ್ಬರು ನಿಜವಾಗಿ ಗುಣವಾಗಿದ್ದರು, ಅವರಿಂದಲೇ ನಾವು ಒಳಗೆ ಉಳಿದೆವು.

ಮಗಳು ಶಿಬಿರದಲ್ಲೇ ಹುಟ್ಟಿದಳು. ಬೊಳ್ಳಿ ಎಂದು ಕರೆದೆವು, ತುಳುವಿನಲ್ಲಿ ಬೆಳ್ಳಿ. ಎಣಿಕೆ ಮೊದಲಿನಿಂದ ಶುರುವಾಯಿತು. ನಮ್ಮ ಮನೆಯ ಡಬ್ಬಿಗೆ ಉತ್ತರ ಕೊಡುವವರಿಲ್ಲದೆ ಅದು ಕೇಳುವುದೂ ಕಡಿಮೆಯಾಗಿತ್ತು. ಒಂದು ದಿನ ಅದು ಸುಮ್ಮನಾದೀತು ಎಂದು ನಾನು ನಂಬಿದ್ದೆ. ಎಳೆಗೂಸುಗಳು ಮಲಗಿ ಏನನ್ನು ನೋಡುತ್ತವೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಅವು ಮಾಡನ್ನು ನೋಡುತ್ತವೆ.

ಬೊಳ್ಳಿ ಮಾಡಿನತ್ತ ನೋಡಿ ಹೂಂ ಎಂದಳು, ಮಾಡು ಅವಳನ್ನು ಹೂಂ ಎಂದು ಮಾತಾಡಿಸಿತು. ಅವಳು ನಕ್ಕಳು. ಕೇಳುವವರು ಸಿಕ್ಕಿದ ಮೇಲೆ ಆ ದನಿಗೆ ಎಲ್ಲಿಲ್ಲದ ಹುರುಪು. ಹಾಲು ಕುಡಿದಿಯಾ ಬೊಳ್ಳಿ, ನಿದ್ದೆ ಬಂತಾ ಬೊಳ್ಳಿ. ನಾನು ಎತ್ತಿಕೊಂಡು ಅಂಗಳಕ್ಕೆ ಹೋದರೆ ಮಗು ಬಾಗಿಲಿನ ಕಡೆ ಕತ್ತು ತಿರುಗಿಸಿ ಅಳುತ್ತಿತ್ತು. ನಾನು ಅಮ್ಮ ಎಂದು ಎಷ್ಟು ಹೇಳಿಕೊಟ್ಟರೂ ಅವಳು ಹೇಳಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಬಟ್ಟಲ ಮುಂದೆ ಕೂತಿದ್ದಾಗ ಮಾಡು ಕೇಳಿತು, ಬೊಳ್ಳಿ, ಊಟ ಆಯ್ತಾ ಎಂದು. ನನ್ನ ಮಗಳು ಮುಖ ಮೇಲೆತ್ತಿ ತನ್ನ ಮೊದಲ ಮಾತನ್ನು ಆಡಿದಳು.

“ಆತು.”

ಕೂಡಲೇ ಡಾಕ್ಟರ ಫೋನು ಬಂತು. ನಿಮ್ಮ ಮನೆಯ ಅಳತೆ ಪೂರ್ತಿಯಾಯಿತು, ಚೌಕ ಹಳದಿಗೆ ಬಂದಿದೆ, ಮಗು ಹೀಗೆಯೇ ಮಾತಾಡುತ್ತಿದ್ದರೆ ಹಸಿರಾಗಿ ಮೂರು ತಿಂಗಳಲ್ಲಿ ಹೊರಗೆ ಹೋಗಬಹುದು ಎಂದರು. ಹೇಳುತ್ತಾ ಹೇಳುತ್ತಾ ಅವರ ದನಿ ಸಣ್ಣದಾಯಿತು, ಹೇಳುತ್ತಿರುವುದೇನೆಂದು ಅವರಿಗೂ ಹೊಳೆದಿರಬೇಕು. ನಾನು ಫೋನು ಇಟ್ಟೆ. ಮಾಡು ಆಗಲೇ ಮುಂದಿನ ಪ್ರಶ್ನೆ ಕೇಳುತ್ತಿತ್ತು, ಇನ್ನು ಸ್ವಲ್ಪ ಬೇಕಾ ಬೊಳ್ಳಿ ಎಂದು. ಮಗು ಬಾಯಿ ತೆರೆಯಿತು.

ಅತ್ತೆ ಎದ್ದರು. ಮೂಲೆಯಲ್ಲಿ ಕವುಚಿಟ್ಟಿದ್ದ ಧನ್ಯಾಳ ಬಟ್ಟಲನ್ನು ತೆಗೆದು ಸೆರಗಿನಲ್ಲಿ ಒರೆಸಿದರು. ಮದುವೆಯ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಅದರಲ್ಲಿ ಅನ್ನ ಹಾಕಿ, ಮಾಡಿನ ಕೆಳಗೆ ಇಟ್ಟು, ಮಗುವಿಗೂ ಡಬ್ಬಿಗೂ ನಡುವೆ ಕೂತರು. ನಾನು ಬೇಡ ಅತ್ತೆ ಎಂದೆ. ಅವರು ಮಾಡಿನ ಕಡೆ ಮುಖ ಎತ್ತಿದರು.

“ಧನ್ಯಾ, ಇಲ್ಲಿ ಬಾ ಮಗಾ,” ಎಂದರು. “ಆ ಮಗುವನ್ನು ಬಿಡು. ನನ್ನ ಊಟ ಆಗಲಿಲ್ಲ. ನನ್ನ ಹತ್ತಿರ ಮಾತಾಡು.”

ದನಿ ತಾಯಿಯ ಕಡೆ ತಿರುಗಿತು. ಯಾಕಮ್ಮ ಊಟ ಮಾಡಲಿಲ್ಲ ಎಂದು ಕೇಳಿತು. ಅತ್ತೆ ಉತ್ತರಿಸಿದರು. ಅದು ಮತ್ತೆ ಕೇಳಿತು, ಅತ್ತೆ ಮತ್ತೆ ಉತ್ತರಿಸಿದರು. ಅಂದು ಮಧ್ಯಾಹ್ನ ಕಳೆದರೂ ಅವರು ಒಂದು ಪ್ರಶ್ನೆಯನ್ನೂ ನೆಲಕ್ಕೆ ಬೀಳಗೊಡಲಿಲ್ಲ. ಬೊಳ್ಳಿ ಸ್ವಲ್ಪ ಹೊತ್ತು ಮೇಲೆ ನೋಡಿ, ತನ್ನನ್ನು ಯಾರೂ ಕೇಳುವುದಿಲ್ಲವೆಂದಾದಾಗ ತೆವಳಿಕೊಂಡು ನನ್ನ ಮಡಿಲಿಗೆ ಬಂದಳು. ಹಿಂದಿನ ಸಾಲಿನಲ್ಲಿ ಶ್ರಾವ್ಯಕ್ಕ ಸೊಸೆಗೆಂದು ಇಟ್ಟ ಬಟ್ಟಲು ಅಂದು ಏನಾಯಿತೋ, ನಾನು ಕೇಳಲು ಹೋಗಲಿಲ್ಲ.

ಮರುದಿನ ನಾನು ಕೆಲಸಕ್ಕೆ ಹೋಗುವಾಗ ಡಾಕ್ಟರು ಪರದೆಯ ಮುಂದೆ ನಿಂತಿದ್ದರು. ನನ್ನನ್ನು ನೋಡಿ ಬದಿಗೆ ಸರಿದರು. ಇಡೀ ಗೋಡೆಯ ಮೇಲೆ ಎಲ್ಲಕ್ಕಿಂತ ಹಸಿರಾಗಿದ್ದದ್ದು ನಮ್ಮ ಮನೆ.